ಬಾಟಲಿ ಬಿದ್ದ ಸದ್ದೂ ಇರಲಿ

1986ರ ಆಗಸ್ಟ್ 16. ಇಂಗ್ಲೆಂಡಿನ ಡೊನಿಂಗ್ಟನ್ ಮೈದಾನದಲ್ಲಿ ‘ಮಾನ್‌ಸ್ಟರ್ಸ್ ಆಫ್ ರಾಕ್’ ಉತ್ಸವ. ಆಝಿ ಆಸ್ಬರ್ನ್, ಸ್ಕಾರ್ಪಿಯನ್ಸ್, ಮೋಟರ್‌ಹೆಡ್, ಎಲ್ಲರೂ ಘಟಾನುಘಟಿಗಳು. ಅಪಘಾತದಲ್ಲಿ ಒಂದು ತೋಳು ಕಳೆದುಕೊಂಡಿದ್ದ ರಿಕ್ ಅಲೆನ್ ‘ಡೆಫ್ ಲೆಪರ್ಡ್’ ತಂಡದೊಂದಿಗೆ ಮತ್ತೆ ಡ್ರಮ್ಸ್ ಮುಂದೆ ಕೂತದ್ದಕ್ಕೆ ಜನಸಾಗರ ಭೋರ್ಗರೆದ ದಿನವೂ ಅದೇ. ಅದೇ ವೇದಿಕೆಗೆ ಅವತ್ತು ನಾಲ್ವರು ಹಾಸ್ಯನಟರು ಹೆವಿ ಮೆಟಲ್ ವೇಷ ಹಾಕಿಕೊಂಡು, ಗಿಟಾರ್ ನೇತುಹಾಕಿಕೊಂಡು ಹತ್ತಿದರು. ತಂಡದ ಹೆಸರು ‘ಬ್ಯಾಡ್ ನ್ಯೂಸ್’. ಜನ ಬಾಟಲಿ ಎಸೆಯತೊಡಗಿದರು. ನಟರು ಜನರನ್ನು ಬೈದರು. ಜನ ಇನ್ನಷ್ಟು ಎಸೆದರು.

ಆ ಬಾಟಲಿಗಳಲ್ಲಿ ಸಿಟ್ಟಿನವು ಎಷ್ಟು, ಪ್ರೀತಿಯವು ಎಷ್ಟು? ಡೊನಿಂಗ್ಟನ್‌ನಲ್ಲಿ ಬಾಟಲಿ ಎಸೆತ ಒಂದು ಸಂಪ್ರದಾಯವೇ ಆಗಿತ್ತು, ನಿಜವಾದ ತಂಡಗಳಿಗೂ ತಪ್ಪುತ್ತಿರಲಿಲ್ಲ. ವೇದಿಕೆಯ ಮೇಲಿದ್ದವರು ಸೋತ ತಂಡದ ಪಾತ್ರ ಮಾಡುತ್ತಿದ್ದರು; ಕೆಳಗಿದ್ದವರು ಆ ಪಾತ್ರಕ್ಕೆ ತಕ್ಕ ಪ್ರೇಕ್ಷಕರಾಗಿ ತಾವೂ ನಾಟಕದೊಳಗೆ ಇಳಿದುಬಿಟ್ಟಿದ್ದರು. 1988ರ ‘ಮೋರ್ ಬ್ಯಾಡ್ ನ್ಯೂಸ್’ ಚಿತ್ರದಲ್ಲಿ ಆ ದಿನದ ತುಣುಕುಗಳಿವೆ. ಎಷ್ಟು ಸಲ ನೋಡಿದರೂ, ಕಣ್ಣು ಮುಚ್ಚಿ ಬರೀ ಸದ್ದನ್ನು ಕೇಳಿದರೂ, ನಟನೆ ಎಲ್ಲಿ ಮುಗಿದು ನಿಜ ಎಲ್ಲಿ ಶುರುವಾಯಿತೆಂದು ನನಗೆ ಗೆರೆ ಎಳೆಯಲು ಆಗಿಲ್ಲ. ಇಂಥ ತಂಡಗಳ ಲೈವ್ ಮುದ್ರಣಗಳನ್ನು ನಾನು ಹುಡುಕಿ ಹುಡುಕಿ ಕೇಳುವುದು ಇದಕ್ಕಾಗಿಯೇ.

‘ಬ್ಯಾಡ್ ನ್ಯೂಸ್’ ಹುಟ್ಟಿದ್ದು 1983ರಲ್ಲಿ, ಬ್ರಿಟನ್ನಿನ ಚಾನೆಲ್ 4ರ ‘ಕಾಮಿಕ್ ಸ್ಟ್ರಿಪ್’ ಸರಣಿಯಲ್ಲಿ. ಏಡ್ರಿಯನ್ ಎಡ್ಮಂಡ್‌ಸನ್, ರಿಕ್ ಮೇಯಲ್, ನೈಜೆಲ್ ಪ್ಲೇನರ್, ಪೀಟರ್ ರಿಚರ್ಡ್‌ಸನ್ ಅದರ ನಾಲ್ವರು. ಯಾರಿಗೂ ಗೊತ್ತಿಲ್ಲದ ಒಂದು ತಂಡ ಲಂಡನ್ನಿನಿಂದ ಸಣ್ಣ ಊರೊಂದಕ್ಕೆ ಕಛೇರಿ ಕೊಡಲು ವ್ಯಾನಿನಲ್ಲಿ ಹೊರಡುತ್ತದೆ, ಸಾಕ್ಷ್ಯಚಿತ್ರದವರು ಹಿಂದೆ ಬೀಳುತ್ತಾರೆ. ಮರುವರ್ಷವೇ ಅಮೆರಿಕದಲ್ಲಿ ರಾಬ್ ರೈನರ್ ನಿರ್ದೇಶನದ ‘ದಿಸ್ ಈಸ್ ಸ್ಪೈನಲ್ ಟ್ಯಾಪ್’ ತೆರೆಗೆ ಬಂತು. ಎರಡಕ್ಕೂ ಒಂದೇ ಎಳೆ, ಆದರೆ ಒಂದನ್ನು ನೋಡಿ ಇನ್ನೊಂದು ಮಾಡಿದ್ದಲ್ಲ. ‘ಸ್ಪೈನಲ್ ಟ್ಯಾಪ್’ನ ಮೈಕೆಲ್ ಮೆಕೀನ್, ಕ್ರಿಸ್ಟೋಫರ್ ಗೆಸ್ಟ್, ಹ್ಯಾರಿ ಶಿಯರರ್ ಈ ವೇಷವನ್ನು ಮೊದಲು ಹಾಕಿದ್ದು 1979ರಲ್ಲಿ, ಒಂದು ಟಿವಿ ಕಾರ್ಯಕ್ರಮಕ್ಕೆ. ಹಾಡುಗಳು ಅವರವೇ, ನುಡಿಸುವವರೂ ಅವರೇ. ಸಿನಿಮಾ ನೋಡಿದ ಕೆಲವರು, ಇಷ್ಟು ಅಪರಿಚಿತ ತಂಡದ ಮೇಲೆ ಯಾಕೆ ಸಾಕ್ಷ್ಯಚಿತ್ರ ಮಾಡಿದಿರಿ ಎಂದು ರೈನರ್‌ರನ್ನು ಕೇಳಿದ್ದುಂಟು.

ಸ್ಟುಡಿಯೊ ಆಲ್ಬಮ್‌ಗಳೂ ಚೆನ್ನಾಗಿವೆ. ‘ಬ್ಯಾಡ್ ನ್ಯೂಸ್’ನ 1987ರ ಆಲ್ಬಮ್ಮನ್ನು ರೂಪಿಸಿದವರು ‘ಕ್ವೀನ್’ ತಂಡದ ಬ್ರಯನ್ ಮೇ. ಆದರೆ ಸ್ಟುಡಿಯೊದಲ್ಲಿ ಜೋಕು ಒಮ್ಮೆ ಕೂತಲ್ಲೇ ಕೂತುಬಿಡುತ್ತದೆ. ಲೈವ್‌ನಲ್ಲಿ ಅದು ಸಾವಿರಾರು ಜನರ ಮುಂದೆ ಹೋಗಿ ನಿಲ್ಲಬೇಕು. ಮೆಟಲ್ ಪ್ರೇಕ್ಷಕರೆಂದರೆ ಹಾಡಿನ ಪ್ರತಿ ತಿರುವನ್ನೂ ಬಲ್ಲವರು. ಗಿಟಾರ್ ಸೋಲೊ ಬೇಕಾದ್ದಕ್ಕಿಂತ ನಾಲ್ಕು ಆವರ್ತ ಉದ್ದವಾದರೆ ಅದು ವಿಡಂಬನೆ ಎಂದು ಅವರಿಗೆ ಮಾತ್ರ ಹೊಳೆಯುತ್ತದೆ. 2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ‘ಐರನ್ ಮೇಡನ್’ಗೆ ಗಂಟಲು ಹರಿಯುವಂತೆ ಕೂಗಿದವರಿಗೆ ಈ ಹಾಸ್ಯ ಮೊದಲ ಸ್ವರಕ್ಕೇ ಹತ್ತುತ್ತದೆ, ಮೆಟಲ್ ಎಂದರೆ ಕಿವಿ ಮುಚ್ಚಿಕೊಳ್ಳುವವರಿಗೆ ಹತ್ತುವುದೇ ಇಲ್ಲ. ಇಲ್ಲಿನ ನಗು ಆ ಸಂಗೀತವನ್ನು ಪ್ರೀತಿಸುವವರ ನಗು.

ಮಾಸ್ಟರ್ ಹಿರಣ್ಣಯ್ಯನವರ ‘ಲಂಚಾವತಾರ’ ನೋಡಿದವರಿಗೆ ಲೈವ್‌ನ ಇನ್ನೊಂದು ಸುಖ ವಿವರಿಸಬೇಕಿಲ್ಲ. ಅದೇ ನಾಟಕ, ಆದರೆ ಅಂದಂದಿನ ಸುದ್ದಿ ಅಂದಂದೇ ಮಾತಿನೊಳಗೆ ಬರುತ್ತಿತ್ತು. ಇವತ್ತಿನ ಪ್ರದರ್ಶನ ನಾಳೆ ಸಿಗುತ್ತಿರಲಿಲ್ಲ. ಹಾಸ್ಯದ ಮೆಟಲ್ ತಂಡಗಳಲ್ಲೂ ಹಾಡು ಅದೇ ಇರುತ್ತದೆ, ಹಾಡುಗಳ ನಡುವಿನ ಮಾತು ಊರಿಂದೂರಿಗೆ ಬದಲಾಗುತ್ತದೆ. ಬೇರೆ ತಂಡಗಳ ಕ್ಯಾಸೆಟ್ ಕೇಳುವಾಗ ಮಾತು ಬಂದರೆ ಜನ ಮುಂದೆ ಓಡಿಸುತ್ತಾರೆ. ಇಲ್ಲಿ ಮಾತಿಗಾಗಿಯೇ ಹಿಂದಕ್ಕೆ ತಿರುಗಿಸುತ್ತಾರೆ.

ಹಾಗಾಗಿ ಹಳೆಯ ಕ್ಯಾಸೆಟ್‌ಗಳ ಸವೆತ ಈ ತಂಡಗಳನ್ನು ಬೇರೆಯವರಿಗಿಂತ ಹೆಚ್ಚು ಕಾಡುತ್ತದೆ. ಸಭಿಕರ ನಡುವೆ ನಿಂತು ಯಾರೋ ಮಾಡಿಕೊಂಡ ಮುದ್ರಣ. ಅದರ ನಕಲು, ನಕಲಿನ ನಕಲು. ಪ್ರತಿ ನಕಲಿಗೂ ಟೇಪಿನ ಸುಯ್ಯೆನ್ನುವ ಸದ್ದು ಏರುತ್ತದೆ, ಮೇಲಿನ ಕಂಪನಾಂಕಗಳು ಮಸುಕಾಗುತ್ತವೆ. ಮಾತಿನಲ್ಲಿ ಸ, ಶ, ತ, ಕದಂಥ ವ್ಯಂಜನಗಳ ಸ್ಪಷ್ಟತೆ ಇರುವುದು ಆ ಮೇಲಿನ ಕಂಪನಾಂಕಗಳಲ್ಲೇ; ಸ್ವರಗಳು ಕೆಳಗಿವೆ, ಅವು ಉಳಿಯುತ್ತವೆ. ಹೀಗಾಗಿ ನಾಲ್ಕೈದು ಕೈ ದಾಟಿದ ನಕಲಿನಲ್ಲಿ ಗಿಟಾರಿನ ಗುಡುಗು ಗಟ್ಟಿಯಾಗೇ ಇರುತ್ತದೆ, ಜನರ ನಗು ಇರುತ್ತದೆ, ನಗಿಸಿದ ಮಾತು ಮಾತ್ರ ಕರಗಿಹೋಗಿರುತ್ತದೆ. ಅಂಥ ಕಡೆ ಹತ್ತಾರು ಸಲ ಹಿಂದೆ ಮುಂದೆ ಮಾಡಿ, ಕೊನೆಗೆ ಆ ಒಂದು ಪದ ಕಿವಿಗೆ ಬಿದ್ದಾಗಿನ ಖುಷಿಯನ್ನು ಹೇಗೆ ಹೇಳಲಿ! ಅಷ್ಟು ವರ್ಷಗಳ ಹಿಂದೆ ನಕ್ಕವರ ಜೊತೆ ನಾನೂ ನಕ್ಕಿರುತ್ತೇನೆ, ಕೊಂಚ ತಡವಾಗಿ.

ಕಣ್ಣಿಗಷ್ಟೇ ಸಿಗುವ ಹಾಸ್ಯವೂ ಇದೆ. ‘ಸ್ಪೈನಲ್ ಟ್ಯಾಪ್’ ಚಿತ್ರದಲ್ಲಿ 18 ಅಡಿ ಎತ್ತರ ಇರಬೇಕಾದ ಸ್ಟೋನ್‌ಹೆಂಜ್ ಕಲ್ಲುಕಂಬಗಳು, ನಕ್ಷೆಯಲ್ಲಿ ಅಡಿಯ ಗುರುತಿನ ಬದಲು ಅಂಗುಲದ ಗುರುತು ಬಿದ್ದು, 18 ಅಂಗುಲದ ಗೊಂಬೆಯಾಗಿ ವೇದಿಕೆಗೆ ಇಳಿಯುತ್ತವೆ. ಆ ಕಂಬಗಳು ಇಳಿಯುವ ಹಾಡಿನ ಲೈವ್ ಮುದ್ರಣ ಕೇಳುವಾಗ ಗಂಭೀರವಾದ ಹಾಡಿನ ನಡುವೆ ಜನರ ನಗು ಏಳುವ ಜಾಗಕ್ಕೆ ನಾನು ಕಾಯುತ್ತೇನೆ. ಏನು ಇಳಿಯಿತು, ಎಷ್ಟು ಗಾತ್ರದ್ದು, ಒಂದೂ ಕಾಣದು. ನಗುವಿನ ಅಳತೆಯಿಂದಲೇ ಕಲ್ಲಿನ ಅಳತೆಯನ್ನು ಊಹಿಸಿಕೊಳ್ಳಬೇಕು.

ಮೂವರೂ ಒಟ್ಟಿಗೆ ಬೇಸ್ ಗಿಟಾರ್ ನುಡಿಸುವ ‘ಬಿಗ್ ಬಾಟಮ್’ ಹಾಡಿನದು ಬೇರೆ ಕಥೆ. 2007ರ ಜುಲೈನಲ್ಲಿ ವೆಂಬ್ಲಿಯ ‘ಲೈವ್ ಅರ್ತ್’ ಕಾರ್ಯಕ್ರಮದಲ್ಲಿ ಬೇರೆ ತಂಡಗಳ ಬೇಸ್ ವಾದಕರನ್ನೂ ಕರೆದು ವೇದಿಕೆ ತುಂಬ ನಿಲ್ಲಿಸಿಕೊಂಡರು. ಮಂದ್ರದ ಮೇಲೆ ಮಂದ್ರ ಬಿದ್ದರೆ ಸ್ವರ ಕೂಡಿಕೊಂಡು ಕೆಸರಾಗುತ್ತದೆ. ಆ ಕೆಸರೇ ಅಲ್ಲಿನ ಜೋಕು. ಸಂಗೀತದ ಭೌತಶಾಸ್ತ್ರದಿಂದಲೇ ನಗಿಸುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಅದೇ ಊರಿನಲ್ಲಿ 1992ರ ಏಪ್ರಿಲ್ 20ರಂದು ಫ್ರೆಡ್ಡಿ ಮರ್ಕ್ಯುರಿಗೆ ಶ್ರದ್ಧಾಂಜಲಿಯ ಮಹಾ ಕಛೇರಿ ನಡೆದಾಗಲೂ ‘ಸ್ಪೈನಲ್ ಟ್ಯಾಪ್’ ಇತ್ತು. ಏಡ್ಸ್‌ಗೆ ಬಲಿಯಾದ ಗಾಯಕನಿಗಾಗಿ ಕ್ರೀಡಾಂಗಣ ತುಂಬಿದ ಜನ. ಅಂಥ ಹೊತ್ತಿನಲ್ಲಿ ವೇಷಧಾರಿಗಳು ಏನು ಹೇಳಬೇಕು? ಇಂದು ನಮ್ಮ ಹಾಡುಗಳನ್ನು ಬಹಳಷ್ಟು ಕಡಿಮೆ ಮಾಡುತ್ತಿದ್ದೇವೆ, ಫ್ರೆಡ್ಡಿ ಇದ್ದಿದ್ದರೂ ಅದನ್ನೇ ಬಯಸುತ್ತಿದ್ದರು ಎಂಬರ್ಥದ ಮಾತಾಡಿ, ಒಂದೇ ಹಾಡು ಹಾಡಿ ಇಳಿದರು. ದುಃಖಕ್ಕೆ ಚ್ಯುತಿ ಬರಲಿಲ್ಲ, ನಗುವಿಗೂ ಬರಲಿಲ್ಲ. ನಾನು ಕೇಳಿದ ಇಂಥ ಮುದ್ರಣಗಳಲ್ಲಿ ಇದಕ್ಕೆ ಮೊದಲ ಮಣೆ.

ರಿಕ್ ಮೇಯಲ್ 2014ರಲ್ಲಿ ತೀರಿಕೊಂಡರು. ‘ಬ್ಯಾಡ್ ನ್ಯೂಸ್’ನ ನಾಲ್ವರೂ ಸೇರಿ ಜನರೊಂದಿಗೆ ಜಗಳಕ್ಕೆ ನಿಲ್ಲುವುದು ಇನ್ನು ಮುದ್ರಣಗಳಲ್ಲಿ ಮಾತ್ರ. ಅಂಥ ಕ್ಯಾಸೆಟ್‌ಗಳನ್ನು ಇಟ್ಟುಕೊಂಡವರು ಎಲ್ಲೆಲ್ಲಿದ್ದಾರೋ, ಕಂಪ್ಯೂಟರಿಗೆ ಇಳಿಸಿಕೊಳ್ಳುವಾಗ ದಯವಿಟ್ಟು ಹಾಡುಗಳನ್ನಷ್ಟೇ ಕತ್ತರಿಸಿ ಇಡಬೇಡಿ. ಮಾತು, ಬೈಗುಳ, ಪಕ್ಕದವನ ಕೆಮ್ಮು, ಬಾಟಲಿ ಬಿದ್ದ ಸದ್ದು ಎಲ್ಲವೂ ಇರಲಿ. ಮೊದಲ ನಕಲು ಸಿಕ್ಕರೆ ಅದರಿಂದಲೇ ಇಳಿಸಿ. ನಾಲ್ಕನೆಯದು ಮಾತ್ರ ಸಿಕ್ಕರೂ ಬಿಡಬೇಡಿ, ಕಿವಿಗೊಟ್ಟು ಪದ ಹೆಕ್ಕುವವರು ನಾವಿದ್ದೇವೆ.