ಬಿಸಿ ನೆಲದ ಮೇಲಿನ ಜಪ

ಚಳಿ, ಸೆಕೆ ಎರಡನ್ನೂ ಸಹಿಸಿಕೋ ಎಂದು ಹೇಳಿಕೊಟ್ಟ ಧರ್ಮದವನು ದೇವರ ಕೋಣೆಯ ನೆಲಕ್ಕೆ ಹೀಟರ್ ಹಾಕಬಹುದೇ? ಪ್ರಶ್ನೆ ನನ್ನದಲ್ಲ, ತೀರ್ಥಹಳ್ಳಿಯಲ್ಲಿರುವ ನನ್ನ ಸೋದರಮಾವನದು. ಸಂಸ್ಕೃತ ಮೇಷ್ಟ್ರಾಗಿ ನಿವೃತ್ತರಾದವರು. ಮನೆಗೆ ಯಾವ ಹೊಸ ಸಾಮಾನು ಬಂದರೂ ಅದಕ್ಕೆ ಶಾಸ್ತ್ರದಲ್ಲಿ ಜಾಗ ಎಲ್ಲಿದೆ ಎಂದು ಕೇಳದೆ ಬಿಡುವವರಲ್ಲ. ನಾನಿರುವುದು ಕೆನಡಾದ ಒಟ್ಟಾವಾದಲ್ಲಿ. ಜನವರಿಯಲ್ಲಿ ಮೈನಸ್ 20 ಡಿಗ್ರಿ ಇಲ್ಲಿ ಯಾರಿಗೂ ಸುದ್ದಿಯಲ್ಲ. ಚಳಿಗಾಲಕ್ಕೆ ಅಮ್ಮ ನಮ್ಮಲ್ಲಿಗೇ ಬರುವುದು ಎಂದು ಖಚಿತವಾದ ಮೇಲೆ, ಬೇಸ್‌ಮೆಂಟಿನಲ್ಲಿರುವ ದೇವರ ಕೋಣೆಯ ಟೈಲ್ಸ್ ಅಡಿಗೆ ಕರೆಂಟಿನ ಕೇಬಲ್ ಹಾಸುತ್ತೇನೆ ಅಂದೆ. ಮಾವ ಫೋನಿನಲ್ಲೇ ನಕ್ಕರು. "ನೆಲ ಕಾಯಿಸ್ಕೊಂಡು ಜಪಕ್ಕೆ ಕೂರೋದಾದ್ರೆ ಜಪ ಎಂತಕ್ಕೆ ಮಾರಾಯ? ಕಂಬಳಿ ಹೊದ್ಕೊಂಡು ಮಲಗಬಹುದಲ್ಲ!"

ನಗು ಬದಿಗಿಟ್ಟು ನೋಡಿದರೆ ಮಾವನ ವಾದ ಗಟ್ಟಿಯಾದದ್ದೇ. ವೇದಾಂತದ ದಾರಿಗೆ ಬರುವವನಲ್ಲಿ ಇರಬೇಕಾದ ಆರು ಸಂಪತ್ತುಗಳಲ್ಲಿ ತಿತಿಕ್ಷೆ, ಅಂದರೆ ಸಹನೆ, ಒಂದು. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿ ಅದಕ್ಕೆ ಎರಡು ಷರತ್ತು ಹಾಕುತ್ತದೆ. ಬಂದ ಕಷ್ಟಕ್ಕೆ ಪ್ರತೀಕಾರ ಹುಡುಕಬಾರದು. ಅದನ್ನೇ ನೆನೆದು ಗೋಳಾಡುತ್ತಲೂ ಕೂರಬಾರದು. ಜೈನರದು ಇನ್ನೂ ಬಿಗಿ. ಮುನಿಗಳು ಗೆಲ್ಲಬೇಕಾದ 22 ಪರೀಷಹಗಳಲ್ಲಿ ಹಸಿವು, ಬಾಯಾರಿಕೆ ಮುಗಿದ ಕೂಡಲೇ ಬರುವುದು ಶೀತ ಮತ್ತು ಉಷ್ಣ. ಈ ಲೆಕ್ಕದಲ್ಲಿ ನನ್ನ ಕೇಬಲ್ ಅಪ್ಪಟ ಪ್ರತೀಕಾರ.

ಮೊದಲು ಕೆಲಸದ ವಿಷಯ ಹೇಳಿಬಿಡುತ್ತೇನೆ. ಕೋಣೆ 6 ಅಡಿಗೆ 8 ಅಡಿ. ಗೋಡೆಗೆ ಸೇರಿಸಿ ಕಟ್ಟಿದ ಮಂಟಪದ ಅಡಿಗೆ ಕೇಬಲ್ ಹಾಕುವಂತಿಲ್ಲ, ಬಿಸಿ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಅದನ್ನು ಬಿಟ್ಟು ಉಳಿದದ್ದು 40 ಚದರಡಿ. ಬಲೆಯಂಥ ಮ್ಯಾಟಿಗೆ ಹೊಲಿದ ತೆಳ್ಳನೆಯ ಕೇಬಲ್, ಚದರಡಿಗೆ 12 ವ್ಯಾಟ್. ಒಟ್ಟು 480 ವ್ಯಾಟ್, ಅಂದರೆ ಇಲ್ಲಿಯ 120 ವೋಲ್ಟಿಗೆ 4 ಆಂಪಿಯರ್. ಸಾವಿರ ವ್ಯಾಟಿನ ಇಸ್ತ್ರಿಪೆಟ್ಟಿಗೆ ಎಳೆಯುವ ಕರೆಂಟಿನ ಅರ್ಧವೂ ಇಲ್ಲ. ಬೇಸ್‌ಮೆಂಟಿನ ಕಾಂಕ್ರೀಟ್ ನೇರ ಮಣ್ಣಿನ ಮೇಲೆ ಕೂತಿರುವುದರಿಂದ ಮೊದಲು ಬಿಸಿ ತಡೆಯುವ ಹಲಗೆ ಹಾಸಬೇಕು, ಇಲ್ಲದಿದ್ದರೆ ನಾವು ಕಾಯಿಸುವುದು ಭೂಮಿಯನ್ನು. ಅದರ ಮೇಲೆ ಮ್ಯಾಟ್, ಮ್ಯಾಟಿನ ಮೇಲೆ ಟೈಲ್ಸ್ ಕೂರಿಸುವ ಗಾರೆ, ಮೇಲೆ ಟೈಲ್ಸ್. ಮೂಲೆಯಲ್ಲಿ ತಿರುಗಿಸಲು ಬಲೆಯನ್ನು ಕತ್ತರಿಸಬಹುದು. ಕೇಬಲ್ಲನ್ನು ಎಲ್ಲೂ ಕತ್ತರಿಸುವಂತಿಲ್ಲ, ಒಂದರ ಮೇಲೊಂದು ಹಾಯಿಸುವಂತಿಲ್ಲ. ನೆಲದ ಬಿಸಿ ಅಳೆಯುವ ಸೆನ್ಸರನ್ನು ಎರಡು ಸಾಲಿನ ನಟ್ಟನಡುವೆ ಇಡಬೇಕು.

ಈ ಕೆಲಸದಲ್ಲಿ ಕಣ್ಣಿಗಿಂತ ಮೀಟರನ್ನು ನಂಬಬೇಕು. ನನ್ನ ಮ್ಯಾಟಿನ ರೆಸಿಸ್ಟೆನ್ಸ್ 30 ಓಮ್. ಪೆಟ್ಟಿಗೆಯಿಂದ ತೆಗೆದಾಗ, ಹಾಸಿದ ಮೇಲೆ, ಟೈಲ್ಸ್ ಕೂರಿಸಿದ ಮೇಲೆ ಮಲ್ಟಿಮೀಟರ್ ಹಿಡಿದು ನೋಡಿ, ಹೆಚ್ಚುಕಡಿಮೆ ಅದೇ ಸಂಖ್ಯೆ ಬರುತ್ತಿದೆ ಎಂದು ಬರೆದಿಟ್ಟುಕೊಳ್ಳಬೇಕು. ಕರಣೆಯ ಅಂಚು ತಾಗಿ ಕೇಬಲ್ಲಿಗೆ ಎಲ್ಲಾದರೂ ಗಾಯವಾದರೆ ಆಮೇಲೆ ಟೈಲ್ಸ್ ಒಡೆಯದೆ ಗತಿಯಿಲ್ಲ. ಒಂಟಾರಿಯೊದಲ್ಲಿ ಇದಕ್ಕೆ ಎಲೆಕ್ಟ್ರಿಕಲ್ ಸೇಫ್ಟಿ ಅಥಾರಿಟಿಗೆ ಮೊದಲೇ ತಿಳಿಸಿ ಪರ್ಮಿಟ್ ಪಡೆಯಬೇಕು. ಗಾರೆ ಪೂರ್ತಿ ಒಣಗುವ ತನಕ ಸ್ವಿಚ್ ಮುಟ್ಟಬಾರದು. ಎಲ್ಲ ಮುಗಿದ ಮೇಲೆ ಕಾಣುವುದು ಗೋಡೆಯ ಮೇಲಿನ ಥರ್ಮೋಸ್ಟಾಟ್ ಒಂದೇ.

ಚಳಿ ಎಲ್ಲಿರುತ್ತದೆ ಎಂದು ನಾನು ಸರಿಯಾಗಿ ಯೋಚಿಸಿದ್ದು ಈ ಕೆಲಸದ ನಡುವೆ. ಒಂದೇ ಕೋಣೆಯ ಟೈಲ್ಸಿಗೂ ಪಕ್ಕದ ಜಮಖಾನಕ್ಕೂ ಥರ್ಮಾಮೀಟರ್ ಹಿಡಿದರೆ ಎರಡೂ 18 ಡಿಗ್ರಿ ತೋರಿಸುತ್ತವೆ. ಕಾಲಿಟ್ಟರೆ ಮಾತ್ರ ಒಂದು ಕೊರೆಯುತ್ತದೆ, ಇನ್ನೊಂದು ಸುಮ್ಮನಿರುತ್ತದೆ. ಟೈಲ್ಸ್ ಪಾದದ ಬಿಸಿಯನ್ನು ಬೇಗ ಎಳೆದುಕೊಳ್ಳುತ್ತದೆ, ಜಮಖಾನ ನಿಧಾನ, ವ್ಯತ್ಯಾಸ ಅಷ್ಟೇ. ಚಳಿ ನೆಲದಲ್ಲೂ ಇಲ್ಲ, ಪಾದದಲ್ಲೂ ಇಲ್ಲ, ಎರಡೂ ತಾಗುವಲ್ಲಿ ಹುಟ್ಟುತ್ತದೆ. ಗೀತೆಯ ಎರಡನೇ ಅಧ್ಯಾಯದಲ್ಲಿ ಕೃಷ್ಣ ಶೀತೋಷ್ಣಗಳ ಮಾತೆತ್ತುವುದೂ ಇಂದ್ರಿಯ ಮತ್ತು ವಿಷಯಗಳ ಸ್ಪರ್ಶದ ಸಂದರ್ಭದಲ್ಲೇ: ತಾಗಿದಾಗ ಬರುತ್ತವೆ, ಹೋಗುತ್ತವೆ, ಸಹಿಸು. ಹಾಗಂತ ಅದೇ ಕೃಷ್ಣ ಆರನೇ ಅಧ್ಯಾಯದಲ್ಲಿ ಧ್ಯಾನಕ್ಕೆ ಕೂರುವವನನ್ನು ಬರೀ ನೆಲದ ಮೇಲೆ ಕೂರಿಸುವುದಿಲ್ಲ. ದರ್ಭೆ, ಅಜಿನ (ಜಿಂಕೆಯ ಚರ್ಮ), ಬಟ್ಟೆ ಎಂದು ಮೂರು ಪದರದ ಆಸನ ಹೇಳುತ್ತಾನೆ. ನೆಲಕ್ಕೂ ಮೈಗೂ ನೇರ ಸಂಪರ್ಕ ತಪ್ಪಿಸುವ ವ್ಯವಸ್ಥೆ ಅದು. ನಾನು ಕಾಂಕ್ರೀಟಿನ ಮೇಲೆ ಹಾಸಿದ ಹಲಗೆಯ ಕೆಲಸವೂ ಅದೇ. ಮಲೆನಾಡಿನ ನಮ್ಮ ಮನೆಯಲ್ಲಿ ಅಜ್ಜ ಪೂಜೆಗೆ ಕೂರುತ್ತಿದ್ದದ್ದು ಮಣೆಯ ಮೇಲೆ. ಅದಕ್ಕೂ ಮೊದಲು ಬಚ್ಚಲ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಕೈಕಾಲು ಕಾಯಿಸಿಕೊಂಡು, ಹಂಡೆಯ ಬಿಸಿನೀರಲ್ಲಿ ಸ್ನಾನ ಮಾಡಿಯೇ ಮಡಿ ಉಡುತ್ತಿದ್ದರು. ಅಜ್ಜನ ಜಪದ ಬಗ್ಗೆ ಮಾವ ಎಂದೂ ಸಂಶಯಪಟ್ಟದ್ದಿಲ್ಲ.

ಇದನ್ನು ಹೇಳಿದಾಗ ಮಾವ, "ಮಣೆಗೆ ಬಟನ್ ಇಲ್ಲವಲ್ಲ" ಅಂದರು. ಯಂತ್ರದ ಸುಖ ಬೇರೆ, ಅದು ಶ್ರೀಮಂತರ ಬಚ್ಚಲಿನಿಂದ ಬಂದದ್ದು ಎಂಬುದು ಅವರ ಅಭಿಪ್ರಾಯ. ಅದು ಅರ್ಧ ಸರಿ. ಟೈಲ್ಸ್ ನೆಲವನ್ನು ಅಡಿಯಿಂದ ಕರೆಂಟಿನಲ್ಲಿ ಬೆಚ್ಚಗಿಟ್ಟ ಹಳೆಯ ಉದಾಹರಣೆಗಳಲ್ಲೊಂದು ನಿಜಕ್ಕೂ ಹೋಟೆಲಿನ ಬಚ್ಚಲು: ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಕಟ್ಟಿದ, 1923ರಲ್ಲಿ ಪೂರ್ತಿಯಾದ ಟೋಕಿಯೊದ ಇಂಪೀರಿಯಲ್ ಹೋಟೆಲ್. ಆದರೆ ರೈಟ್‌ಗೆ ಆ ವಿಚಾರ ಹೊಳೆದದ್ದು ಅಲ್ಲಿನ ಸಿರಿವಂತರೊಬ್ಬರ ಮನೆಯಲ್ಲಿದ್ದ ಕೊರಿಯನ್ ಕೋಣೆಯಲ್ಲಿ, ಕಾಲಡಿಯ ಬಿಸಿ ಅನುಭವಿಸಿದಾಗ. ಕೊರಿಯಾದಲ್ಲಿ ಅದಕ್ಕೆ ಓಂದೊಲ್ ಎನ್ನುತ್ತಾರೆ. ಅಡುಗೆಮನೆಯ ಒಲೆಯ ಹೊಗೆ ಮತ್ತು ಬಿಸಿ ಪಕ್ಕದ ಕೋಣೆಯ ಕಲ್ಲುಚಪ್ಪಡಿಗಳ ಅಡಿಯಲ್ಲಿ ಹರಿದು ಆಚೆಯ ಚಿಮಣಿಯಲ್ಲಿ ಹೊರಬೀಳುತ್ತದೆ. ಅಲ್ಲಿ ಸನ್ಯಾಸಿಗಳು ಅದನ್ನು ಬೇಡವೆನ್ನಲಿಲ್ಲ. ಜಿರಿಸಾನ್ ಬೆಟ್ಟದ ಚಿಲ್ಬುಲ್ಸಾ ಎಂಬ ಬೌದ್ಧ ಮಂದಿರದಲ್ಲಿ ಅಜಬಾಂಗ್ ಎಂಬ ಧ್ಯಾನದ ಕೋಣೆಯಿದೆ. ಸಿಲ್ಲಾ ರಾಜರ ಕಾಲದ್ದೆಂದು ಪ್ರತೀತಿ. ಸುಟ್ಟುಹೋಗಿ ಮತ್ತೆ ಕಟ್ಟಿದ್ದು. ಒಮ್ಮೆ ಬೆಂಕಿ ಹಾಕಿದರೆ ವಾರಗಟ್ಟಲೆ ನೆಲ ಬೆಚ್ಚಗಿರುತ್ತಿತ್ತು ಎಂದು ಅಲ್ಲಿಯವರ ಹೇಳಿಕೆ. ಮಾತುಬಿಟ್ಟು, ಗೋಡೆಗೆ ಮುಖಮಾಡಿ ಕೂರುವ ಕಠಿಣ ಸಾಧಕರಿಗೆಂದು ಕಟ್ಟಿದ ಬಿಸಿ ನೆಲ ಅದು. ಚಳಿಯೊಂದಿಗೆ ಗುದ್ದಾಡುವುದರಲ್ಲೇ ಸಾಧಕನ ಬಲವೆಲ್ಲ ಕರಗಬಾರದು ಎಂದು ಕಟ್ಟಿದವರಿಗೆ ಅನಿಸಿರಬೇಕು.

ನಮ್ಮ ದೇವರುಗಳ ಕಡೆ ನೋಡಿದರೆ ಅವರಿಗೂ ಚಳಿಯಿಂದ ರಕ್ಷಣೆ ಇದ್ದೇ ಇದೆ. ಕೇದಾರನಾಥನ ಉತ್ಸವಮೂರ್ತಿ ದೀಪಾವಳಿಯ ಹೊತ್ತಿಗೆ ಬೆಟ್ಟ ಇಳಿದು ಊಖೀಮಠಕ್ಕೆ ಬರುತ್ತದೆ. ಕೇದಾರದ ಪ್ರಧಾನ ಅರ್ಚಕರಾದ ರಾವಲರು ಪರಂಪರೆಯಂತೆ ಕರ್ನಾಟಕ ಮೂಲದ ವೀರಶೈವರು. ಆ ಹಿಮದಲ್ಲಿ ಪೂಜೆ ನಡೆಸಿಯೇ ತೀರುತ್ತೇವೆ ಎಂದು ಅವರೂ ಹಠ ಹಿಡಿದಿಲ್ಲ. ಬದರಿಯಲ್ಲಿ ಬಾಗಿಲು ಮುಚ್ಚುವ ದಿನ ಮಾಣಾ ಗ್ರಾಮದ ಹೆಂಗಸರು ನೇಯ್ದ ಉಣ್ಣೆಯ ಕಂಬಳಿಗೆ ತುಪ್ಪ ಸವರಿ ನಾರಾಯಣನಿಗೆ ಹೊದಿಸುತ್ತಾರೆ. ಪುರಿಯ ಜಗನ್ನಾಥನಿಗೆ ಮಾರ್ಗಶಿರದ ಓಢಣ ಷಷ್ಠಿಯಿಂದ ಚಳಿಗಾಲದ ಉಡುಪು.

ಈ ಪಟ್ಟಿ ಕೇಳಿ ಮಾವನಿಗೆ ಖುಷಿಯಾಯಿತು, ಯಾಕೆಂದರೆ ಅದನ್ನು ಮುರಿಯುವುದು ಅವರಿಗೆ ಸುಲಭವಿತ್ತು. "ದೇವರು ಸಾಧಕನೇನೋ? ಅವನಿಗೆ ನಾವು ಮಾಡೋದು ಉಪಚಾರ. ನಮಗೆ ನಾವು ಮಾಡ್ಕೊಳ್ಳೋದು ತಪಸ್ಸು. ಎರಡನ್ನೂ ಕಲಸಬೇಡ."

ಮಾವ ಹೇಳಿದ್ದರಲ್ಲಿ ಇದಕ್ಕಿಂತ ಬೆಲೆಬಾಳುವ ಮಾತು ಇಲ್ಲ. ಇನ್ನೊಬ್ಬರಿಗೆ ಮಾಡುವುದು ಉಪಚಾರ, ತನಗೆ ತಾನು ಮಾಡಿಕೊಳ್ಳುವುದು ತಪಸ್ಸು. ಹಾಗಾದರೆ ನೆಲದಡಿಯ ಕೇಬಲ್ ಯಾರಿಗಾಗಿ? ಎಪ್ಪತ್ತು ದಾಟಿದ, ಮಂಡಿನೋವಿನ, ಮಡಿಯಲ್ಲಿ ಕಾಲುಚೀಲ ಹಾಕದ ಅಮ್ಮನಿಗಾಗಿ. ಅದು ನನ್ನ ಕಡೆಯಿಂದ ಉಪಚಾರ. ಶಾಸ್ತ್ರ ಪ್ರತೀಕಾರ ಬೇಡವೆಂದದ್ದು ಸಾಧಕನಿಗೆ, ಅವನ ಸ್ವಂತ ದುಃಖದ ವಿಷಯದಲ್ಲಿ. ಪಕ್ಕದವರ ದುಃಖಕ್ಕೂ ಪ್ರತೀಕಾರ ಮಾಡಬೇಡ ಎಂದು ಅದನ್ನು ಹಿಗ್ಗಿಸಿದರೆ ಸಿಗುವುದು ವೇದಾಂತವಲ್ಲ, ಕಲ್ಲೆದೆ. ನನ್ನ ತಿತಿಕ್ಷೆಯನ್ನು ನಾನು ಅಮ್ಮನ ಮೈಯಲ್ಲಿ ಅಭ್ಯಾಸ ಮಾಡುವಂತಿಲ್ಲ. ಮನೆಯ ಹೆಂಗಸರ ತಣ್ಣೀರು ಸ್ನಾನ, ಒದ್ದೆ ಸೀರೆ, ಬರಿಗಾಲನ್ನು ನೋಡಿ "ಎಂಥ ಸಹನೆ" ಎಂದು ಹೊಗಳುತ್ತ, ತಾವು ಒಲೆಯ ಪಕ್ಕ ಕೂತ ಗಂಡಸರನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆ ಹೊಗಳಿಕೆಯಲ್ಲಿ ಧರ್ಮ ಎಷ್ಟಿತ್ತು, ಅನುಕೂಲ ಎಷ್ಟಿತ್ತು ಎಂದು ಕೇಳಿಕೊಳ್ಳಬೇಕು.

ಇಲ್ಲಿಗೆ ಮುಗಿಯುವುದಿಲ್ಲ. ಅದೇ ನೆಲದ ಮೇಲೆ ನಾನೂ ಕೂರುತ್ತೇನಲ್ಲ, ನನ್ನ ಪಾಲಿಗೆ ಅದೇನು? ಬೇರೆ ದಾರಿಯೇ ಇಲ್ಲದೆ ಚಳಿಯಲ್ಲಿ ಕೂತವನು ಪ್ರತೀಕಾರ ಬಿಟ್ಟಂತಾಗುವುದಿಲ್ಲ, ಬಿಡಲು ಅವನ ಹತ್ತಿರ ಏನೂ ಇರಲಿಲ್ಲ. ಸ್ವಿಚ್ ಕೈಗೆಟುಕುವಾಗಲೇ ಅದನ್ನು ಒತ್ತದಿರುವುದು ವ್ರತವಾಗುತ್ತದೆ. ಮಾವ ಬಿಡಲಿಲ್ಲ: "ಹಾಗಾದ್ರೆ ಬಡವನಿಗೆ ತಿತಿಕ್ಷೆ ಇಲ್ವಾ?" ಇದೆ. ಅವನಿಗೆ ಇರುವುದು ಎರಡನೆಯ ಷರತ್ತು, ಗೋಳಾಡದಿರುವುದು. ಅದು ಹೆಚ್ಚು ಕಷ್ಟದ್ದು. ಬೆಚ್ಚನೆಯ ನೆಲವಿದ್ದೂ 28ರ ಬದಲು 26 ತೋರಿಸುತ್ತಿದೆ ಎಂದು ಥರ್ಮೋಸ್ಟಾಟಿನ ಮುಂದೆ ಚಡಪಡಿಸುವವನು ಎರಡೂ ಷರತ್ತಿನಲ್ಲಿ ಸೋತವನು. ಆದರೆ ಬಡವನ ಸಹನೆಯನ್ನು ಮೆಚ್ಚಿ ಅವನಿಗೆ ಕಂಬಳಿ ಕೊಡದಿರುವುದಕ್ಕೆ ಯಾವ ಶಾಸ್ತ್ರದ ಆಧಾರವೂ ಇಲ್ಲ.

ಅಮ್ಮ ಮೊದಲು, ನನಗೆಂತಕ್ಕೆ ಇದೆಲ್ಲ, ಖರ್ಚು ದಂಡ ಅಂದಿದ್ದಳು. ಆ ಬೇಡ ಎನ್ನುವುದು ವೈರಾಗ್ಯವೋ, ಮಗನ ದುಡ್ಡಿನ ಮೇಲಿನ ಕನಿಕರವೋ ಎಂದು ನಾನು ವಿಚಾರಿಸಲು ಹೋಗಲಿಲ್ಲ. ಥರ್ಮೋಸ್ಟಾಟ್ ಹೇಗೆ ತಿರುಗಿಸುವುದೆಂದು ತೋರಿಸಿಕೊಟ್ಟೆ. ನಾನು 28ಕ್ಕೆ ಇಟ್ಟಿದ್ದನ್ನು ಅವಳು 25ಕ್ಕೆ ಇಳಿಸಿಕೊಂಡಳು. ಬೆಳಿಗ್ಗೆ ಸ್ನಾನಕ್ಕೆ ಹೋಗುವಾಗ ಹಾಕುತ್ತಾಳೆ, ಮಂಗಳಾರತಿಯಾದ ಮೇಲೆ ಆರಿಸುತ್ತಾಳೆ. ಏಕಾದಶಿಯ ದಿನ ಹಾಕುವುದೇ ಇಲ್ಲ. ಕೇಳಿದ್ದಕ್ಕೆ, "ಇವತ್ತು ಊಟ ಬಿಟ್ಟಿದೀನಲ್ಲ, ಇದನ್ನೂ ಬಿಟ್ಟೆ" ಅಂದಳು. ಕೇಬಲ್ ಹಾಕದೇ ಇದ್ದಿದ್ದರೆ ಆ ದಿನ ಬಿಡಲು ಅವಳಿಗೆ ಇದು ಇರುತ್ತಿರಲಿಲ್ಲ. ಉಳಿದ ದಿನಗಳ ಚಳಿ ನನ್ನ ಉಪೇಕ್ಷೆಯ ಲೆಕ್ಕಕ್ಕೆ ಹೋಗುತ್ತಿತ್ತು, ಅವಳ ಪುಣ್ಯದ ಲೆಕ್ಕಕ್ಕಲ್ಲ.

ಓಂದೊಲ್ ಕೋಣೆಯಲ್ಲಿ ನೆಲದ ಬಿಸಿ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಒಲೆಯ ಕಡೆಯ ಭಾಗ ಹೆಚ್ಚು ಬೆಚ್ಚಗೆ. ಆ ಜಾಗ ಮನೆಯ ಹಿರಿಯರಿಗೆ ಮತ್ತು ಬಂದ ಅತಿಥಿಗೆ ಎಂಬುದು ಕೊರಿಯಾದ ಹಳೆಯ ಕ್ರಮ; ಗಟ್ಟಿ ಮೈಯ ಕಿರಿಯರು ತಣ್ಣನೆಯ ತುದಿಯಲ್ಲಿ ಕೂರುತ್ತಾರೆ. ಮಾವನ ಪ್ರಶ್ನೆಗೆ ನನಗೆ ಸರಿಕಂಡ ಉತ್ತರವೂ ಇಷ್ಟೇ ಸರಳ. ಬಿಸಿ ಹಂಚುವಾಗ ಚಳಿ ಹೆಚ್ಚು ತಾಗುವವರಿಂದ ಶುರುಮಾಡಬೇಕು, ಸಹನೆಯನ್ನು ಹೇರುವಾಗ ತನ್ನಿಂದ. ಇನ್ನೊಬ್ಬರಿಗೆ ತಿತಿಕ್ಷೆ ಬೋಧಿಸಬೇಕೆಂದು ಅನಿಸಿದವನು ಮೊದಲು ಸ್ವಿಚ್ಚನ್ನು ಅವರ ಕೈಗೆ ಕೊಡಲಿ; ಆಮೇಲೂ ಬೋಧಿಸಲು ಏನಾದರೂ ಉಳಿದಿದ್ದರೆ ಬೋಧಿಸಲಿ.