ದಾಸೋಹದ ಬಾಗಿಲು



ಕಳೆದ ಶ್ರಾವಣದಲ್ಲಿ ನಮ್ಮ ಮಠದ ಪುರಾಣ ಪ್ರವಚನ ಮಂಗಲವಾದ ದಿನ ಮಹಾಪ್ರಸಾದ ನಡೆಯಿತು. ಸಹಸ್ರಾರು ಜನ ಉಂಡು ತೃಪ್ತರಾದರು. ರಾತ್ರಿ ಮಹಾದ್ವಾರವನ್ನು ಮುಚ್ಚುವ ವೇಳೆಗೆ ಹೊರಜಗಲಿಯ ಮೇಲೆ ವೃದ್ಧೆಯೊಬ್ಬಳು ಮಳೆಗೆ ಮುದುಡಿ ಕುಳಿತಿದ್ದಳು. "ತಾಯಿ, ಪ್ರಸಾದವಾಯಿತೆ?" ಎಂದು ಕೇಳಿದೆವು. "ಆಯಿತು ಬುದ್ಧಿ, ಹೊಟ್ಟೆ ತುಂಬಿತು. ಇನ್ನು ಮಲಗುವುದೆಲ್ಲಿ?" ಎಂದಳು. ಆ ದಿನವೇ ದಾಸೋಹವನ್ನು ಕುರಿತು ಒಂದು ಗಂಟೆ ಮಾತನಾಡಿದ್ದ ನಮಗೆ ಉತ್ತರ ಹೊಳೆಯಲಿಲ್ಲ. ಹಜಾರದ ಬಾಗಿಲು ತೆಗೆಸಿ ಮಲಗಿಸಿದೆವು. ಬೆಳಗಾಗುವುದರೊಳಗೆ ಅವಳು ಹೊರಟುಹೋಗಿದ್ದಳು. ಅವಳ ಹೆಸರನ್ನು ಕೂಡ ನಾವು ಕೇಳಿರಲಿಲ್ಲ.

ದಾಸೋಹವೆಂದರೆ ಉಣಬಡಿಸುವುದಷ್ಟೇ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ದಾನ ಮಾಡುವವನಲ್ಲಿ 'ನಾನು ಕೊಟ್ಟೆ' ಎಂಬ ಅಹಂಕಾರ ಸುಳಿಯಬಹುದು. ದಾಸೋಹಿಯಾದರೋ ಬಂದವನಿಗೆ ತಾನೇ ಸೇವಕನೆಂದು ಬಗೆಯುತ್ತಾನೆ. ಸೇವಕನಾದವನು ಎಲೆ ತೆಗೆದೊಡನೆ ತನ್ನ ಕೆಲಸ ತೀರಿತೆಂದು ಬಾಗಿಲಿಕ್ಕಿಕೊಳ್ಳಬಹುದೆ?

ಸಿರಿವಂತರಿಗೆ ಮಾತ್ರ ಇದು ಸಾಧ್ಯವೆನ್ನುವಂತಿಲ್ಲ. 12ನೆಯ ಶತಮಾನದ ಆಯ್ದಕ್ಕಿ ಮಾರಯ್ಯ ಲಕ್ಕಮ್ಮ ದಂಪತಿಗಳು ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತಂದು ನಿತ್ಯವೂ ಜಂಗಮ ದಾಸೋಹ ನಡೆಸಿದರು. ಒಂದು ದಿನ ಪತಿಯು ವಾಡಿಕೆಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಅದನ್ನು ಹಿಂದಕ್ಕೆ ಹಾಕಿಬರಲು ಹೇಳಿದಳೆಂಬುದು ಪ್ರಸಿದ್ಧ. ವರುಷಕ್ಕೊಮ್ಮೆ ಉಕ್ಕಿ ಹರಿಯುವ ಔದಾರ್ಯಕ್ಕಿಂತ ದಿನದಿನದ ಹಿಡಿ ಅಕ್ಕಿ ಮೇಲೆಂಬುದನ್ನು ಆ ತಾಯಿಯಿಂದ ನಾವು ಕಲಿಯಬೇಕಾಗಿದೆ.

ತುಮಕೂರಿನ ಸಿದ್ಧಗಂಗಾ ಮಠದ ಶ್ರೀ ಶಿವಕುಮಾರ ಮಹಾಸ್ವಾಮಿಗಳು (1907–2019) ಅನ್ನ, ಅಕ್ಷರ, ಆಶ್ರಯಗಳನ್ನು ಒಂದುಗೂಡಿಸಿ ತ್ರಿವಿಧ ದಾಸೋಹವೆಂದು ನಡೆಸಿದರು. ಜಾತಿ ಕುಲಗಳನ್ನೆಣಿಸದೆ ಸಾವಿರಾರು ಬಡಮಕ್ಕಳು ಅಲ್ಲಿ ಉಂಡು, ಓದಿ, ಮಲಗಿ ಬೆಳೆದರು. ಅನ್ನದ ಪಕ್ಕದಲ್ಲಿಯೇ ಆಶ್ರಯವನ್ನಿಟ್ಟದ್ದು ಅವರ ದೊಡ್ಡ ವಿವೇಕ.

"ಅದು ದೊಡ್ಡ ಮಠ, ನಮ್ಮದು ಚಿಕ್ಕದು" ಎನ್ನುವಿರಾದರೆ ಅನ್ಯಧರ್ಮೀಯರ ಒಂದು ನಡೆಯನ್ನು ನೋಡಿರಿ. ಇಂಗ್ಲೆಂಡಿನ ಹಲವು ಪಟ್ಟಣಗಳಲ್ಲಿ ಚಳಿಗಾಲದಲ್ಲಿ ಏಳು ಚರ್ಚುಗಳು ಒಟ್ಟುಗೂಡಿ, ವಾರದ ಒಂದೊಂದು ರಾತ್ರಿ ಒಂದೊಂದು ಚರ್ಚಿನ ಸಭಾಂಗಣವನ್ನು ನಿರ್ವಸಿತರಿಗೆ ತೆರೆದಿಡುವ ಪದ್ಧತಿಯುಂಟು. ಸಭಿಕರೇ ಅಡಿಗೆ ಮಾಡಿ, ಹಾಸಿಗೆ ಹಾಸಿ, ಅತಿಥಿಗಳೊಡನೆ ಕುಳಿತು ಉಣ್ಣುತ್ತಾರೆ. ಒಬ್ಬರಿಗೆ ಹೊರಲಾರದ ಭಾರ ಏಳು ಹೆಗಲಿಗೆ ಹಗುರವಾಯಿತು. ನಮ್ಮ ಊರುಗಳಲ್ಲಿಯೂ ಮಠ, ಗುಡಿ, ಸಮುದಾಯ ಭವನಗಳಿಗೆ ಕೊರತೆಯಿಲ್ಲ. ಅವುಗಳಲ್ಲಿ ಹಲವು ಎಷ್ಟೋ ರಾತ್ರಿ ಬರಿದಾಗಿ ಬೀಗ ಹಾಕಿಕೊಂಡಿರುತ್ತವೆ.

2011ರ ಜನಗಣತಿಯಂತೆ ನಮ್ಮ ದೇಶದಲ್ಲಿ ಸೂರಿಲ್ಲದವರು 17 ಲಕ್ಷಕ್ಕೂ ಹೆಚ್ಚು. ನಗರಗಳಲ್ಲಿ ಲಕ್ಷ ಜನಕ್ಕೊಂದರಂತೆ ರಾತ್ರಿವಸತಿ ಇರಬೇಕೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ ನಿರ್ದೇಶಿಸಿದೆ. ಹತ್ತಿರದ ವಸತಿ ಎಲ್ಲಿದೆಯೆಂದು ತಿಳಿದು, ಜಗಲಿಯ ಮೇಲೆ ಮಲಗಿದವರನ್ನು ಅಲ್ಲಿಗೆ ಕರೆದೊಯ್ಯುವುದು ಸೇವೆ. ವಿಳಾಸವಿಲ್ಲದವನು ಪಡಿತರ ಚೀಟಿಗೂ ಪಿಂಚಣಿಗೂ ಅಲೆಯಬೇಕಾಗುತ್ತದೆ. ಅವನೊಡನೆ ಕಛೇರಿಗೆ ಹೋಗಿ ನಿಲ್ಲುವುದು ಸೇವೆ. ರೋಗಿಯನ್ನು ಆಸ್ಪತ್ರೆಗೆ ಸೇರಿಸುವುದು ಸೇವೆ. ದುಡಿಯಬಲ್ಲವನಿಗೆ ಕಾಯಕವೊಂದನ್ನು ಹುಡುಕಿಕೊಟ್ಟರೆ, ನಾಳೆ ಅವನೂ ದಾಸೋಹಿಯಾಗಿ ನಮ್ಮ ಪಂಕ್ತಿಯಲ್ಲಿ ಬಡಿಸುವನು. ಅವನನ್ನು ಎಂದೆಂದಿಗೂ ಬೇಡುವವನನ್ನಾಗಿ ಉಳಿಸುವುದು ಶರಣರ ಮಾರ್ಗವಲ್ಲ.

ಈ ವರುಷದಿಂದ ನಮ್ಮ ಮಠದ ಹಜಾರಕ್ಕೆ ರಾತ್ರಿ ಬೀಗ ಹಾಕುವುದಿಲ್ಲ. ವಾರಕ್ಕೊಂದು ರಾತ್ರಿ ಬಂದು ಕಾಯ್ದುಕೊಳ್ಳಲು ಏಳು ಮನೆಯವರು ಬೇಕಾಗಿದ್ದಾರೆ. ಬಂದವರಿಗೆ ಮೊದಲು ನೀರು ಕೊಡಿರಿ. ಆಮೇಲೆ ಹೆಸರು ಕೇಳಿರಿ. ಆ ತಾಯಿ ಮತ್ತೆ ಬಂದರೆ, ಈ ಸಲ ಹೆಸರು ಹಿಡಿದು ಕರೆಯುವಂತಾಗಲಿ.