ಹಳದಿ ಶಂಖ, ಬಿಳಿ ಪಂಚೆ

ಛತ್ರದ ಬಲ್ಬಿನ ಬೆಳಕಲ್ಲಿ ತೆಗೆದ ಫೋಟೊ. ಮದುಮಗನ ಬಿಳಿ ರೇಷ್ಮೆ ಪಂಚೆ ಅರಿಸಿನದ ನೀರಲ್ಲಿ ಅದ್ದಿ ತೆಗೆದಂತಿದೆ. ಕ್ಯಾಮೆರಾ ಕೆಟ್ಟಿದೆ ಎಂದು ಬಂಧುಗಳು ತೀರ್ಪು ಕೊಡುತ್ತಾರೆ. ಫೋಟೊಗ್ರಾಫರ್ ವೈಟ್ ಬ್ಯಾಲೆನ್ಸನ್ನು ಸೂರ್ಯನ ಗುರುತಿನಿಂದ ಬಲ್ಬಿನ ಗುರುತಿಗೆ ಸರಿಸುತ್ತಾನೆ. ಮುಂದಿನ ಫೋಟೊದಲ್ಲಿ ಪಂಚೆ ಬೆಳ್ಳಗಿದೆ. ನಡುಹಗಲಿನ ಬೆಳಕಿನ ಬಣ್ಣ ಸುಮಾರು 5500 ಕೆಲ್ವಿನ್, ತಂತಿಯ ಬಲ್ಬಿನದು 3000ದ ಆಸುಪಾಸು. ಅಂದರೆ ಯಂತ್ರ ಹಳದಿಯನ್ನು ಹುಟ್ಟಿಸಿರಲಿಲ್ಲ, ಪಂಚೆಯ ಮೇಲೆ ಬಿದ್ದಿದ್ದನ್ನೇ ಬರೆದುಕೊಂಡಿತ್ತು. ಸದ್ದಿಲ್ಲದೆ ಆ ಹಳದಿಯನ್ನು ಕಳೆದು ‘ಬಿಳಿ’ ಎಂದು ಒಪ್ಪಿಸಿದ್ದು ನೋಡುವವರ ಕಣ್ಣು, ಮನಸ್ಸು.

ಹಾಗಾದರೆ ತಪ್ಪು ಯಾರದು?

ಭಾರತದ ದಾರ್ಶನಿಕರು ಶತಮಾನಗಟ್ಟಲೆ ಜಗಳವಾಡಿದ್ದು ಇದೇ ಪ್ರಶ್ನೆಯ ಮೇಲೆ. ಕಾಮಾಲೆಯಾದವನಿಗೆ ಬಿಳಿ ಶಂಖ ಹಳದಿಯಾಗಿ ಕಾಣುವುದು ಅವರ ಬಲುಮೆಚ್ಚಿನ ಉದಾಹರಣೆ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜರು ಶ್ರೀಭಾಷ್ಯದಲ್ಲಿ ಕೊಡುವ ವಿವರಣೆ ಕ್ಯಾಮೆರಾ ರಿಪೇರಿಯವನಿಗೂ ಒಪ್ಪಿಗೆಯಾದೀತು: ಕಣ್ಣಿನ ಪಿತ್ತ ದೃಷ್ಟಿಯ ಕಿರಣದೊಡನೆ ಹೊರಟು ಶಂಖದ ಬಿಳುಪನ್ನು ಮುಚ್ಚುತ್ತದೆ. ಕಂಡ ಹಳದಿ ನಿಜವೇ, ಆದರೆ ಅದು ಶಂಖದ್ದಲ್ಲ, ಪಿತ್ತದ್ದು. ಶಂಕರರು ಅಧ್ಯಾಸಭಾಷ್ಯದಲ್ಲಿ ಎತ್ತಿಕೊಳ್ಳುವುದು ಎರಡಾಗಿ ಕಾಣುವ ಚಂದ್ರನನ್ನು. ಲೆನ್ಸಿನ ಗಾಜುಗಳ ನಡುವೆ ಬೆಳಕು ಪುಟಿದು ಕಪ್ಪು ಆಕಾಶದಲ್ಲಿ ಮತ್ತೊಂದು ಮಂಕು ಚಂದ್ರನನ್ನು ಮೂಡಿಸುವುದನ್ನು ಕಂಡವರಿಗೆ ಅದು ಹಳೆಯ ಪರಿಚಯ. ಆ ಎರಡನೆಯ ಚಂದ್ರ ಇದೆ ಎನ್ನಲೂ ಆಗದು, ಇಲ್ಲ ಎನ್ನಲೂ ಆಗದು ಎಂಬುದು ಅದ್ವೈತಿಗಳ ನಿಲುವು. ಉಡುಪಿಯ ಮಧ್ವರ ಪರಂಪರೆಗೆ ಈ ಸಂಕೋಚವಿಲ್ಲ: ಅದು ಇಲ್ಲವೇ ಇಲ್ಲ, ಇಲ್ಲದ್ದೇ ಇದ್ದಂತೆ ಕಂಡಿದೆ.

ವಾದ ಬಿಸಿಯೇರುವುದು ದೀಪೋತ್ಸವದ ಫೋಟೊಗಳಲ್ಲಿ. ಉತ್ಸವಮೂರ್ತಿಯ ಸುತ್ತ ತೇಲುವ ಅರೆಪಾರದರ್ಶಕ ಬೆಳಕಿನ ಗೋಲಗಳು! ಇಲ್ಲಿ ಅವು ದೇವತಾ ಸಾನ್ನಿಧ್ಯ. ಇಂಗ್ಲೆಂಡಿನ ಹಳೆಯ ಬಂಗಲೆಯಲ್ಲಾದರೆ ಅವೇ ದೆವ್ವ. ಚಿಕ್ಕ ಕ್ಯಾಮೆರಾಗಳಲ್ಲಿ ಫ್ಲ್ಯಾಶ್ ಲೆನ್ಸಿಗೆ ಅಂಟಿಕೊಂಡೇ ಇರುತ್ತದೆ. ಲೆನ್ಸಿನ ಮುಂದೆಯೇ ತೇಲುವ ಧೂಳಿನ ಕಣಕ್ಕೋ ತುಂತುರು ಹನಿಗೋ ಬಡಿದ ಬೆಳಕು ನೇರ ವಾಪಸ್ಸು ಬರುತ್ತದೆ. ಫೋಕಸ್ ದೂರದ ಮೂರ್ತಿಯ ಮೇಲಿರುವುದರಿಂದ ಹತ್ತಿರದ ಕಣ ಮಸುಕಾಗಿ, ದುಂಡಗೆ ಹರಡುತ್ತದೆ. ಫ್ಲ್ಯಾಶ್ ಆರಿಸಿದರೆ ಗೋಲಗಳಿಲ್ಲ. ಹಳೇ ಕಂಬಳಿ ಕೊಡವಿ ಫ್ಲ್ಯಾಶ್ ಹಾಕಿ ಕ್ಲಿಕ್ಕಿಸಿದರೆ ನಡುಮನೆಯಲ್ಲೇ ಡಜನ್‌ಗಟ್ಟಲೆ ದೇವತೆಗಳು ಪ್ರತ್ಯಕ್ಷ.

ಹಾಗೆಂದು ಭಕ್ತರನ್ನು ಮೂಢರೆಂದು ನಗುವುದು ಸರಿಯಲ್ಲ. ಗೋಲಗಳು ಧೂಳು ಎಂದು ತಿಳಿದಾಗ ಬಿದ್ದುಹೋಗುವುದು ಆ ಫೋಟೊದ ಸಾಕ್ಷ್ಯವಷ್ಟೇ. ದೇವರ ವಿಚಾರದಲ್ಲಿ ಅದು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲ. ಕಂಡದ್ದನ್ನು ಮೊದಲಿಗೆ ನಂಬುವುದಕ್ಕೆ ಕುಮಾರಿಲ ಭಟ್ಟನಂಥ ಮೀಮಾಂಸಕನ ಬೆಂಬಲವೂ ಇದೆ. ಜ್ಞಾನ ತಾನಾಗಿಯೇ ಪ್ರಮಾಣ, ಅದನ್ನು ಉರುಳಿಸುವುದು ಎರಡೇ: ಅರಿವಿನ ಸಾಧನವಾದ ಕರಣದಲ್ಲಿ ದೋಷ ಗೊತ್ತಾಗಬೇಕು, ಇಲ್ಲವೇ ಅದಕ್ಕೆ ವಿರುದ್ಧವಾದ ಅರಿವು ಬರಬೇಕು. ಪ್ರತಿ ಅರಿವಿಗೂ ಮತ್ತೊಂದು ಅರಿವಿನ ಜಾಮೀನು ಕೇಳುತ್ತ ಹೋದರೆ ಕೊನೆಯೆಲ್ಲಿ ಎಂಬುದು ಅವನ ತಕರಾರು. ನೈಯಾಯಿಕರು ಒಪ್ಪುವುದಿಲ್ಲ. ಕಂಡ ನೀರು ನೀರೇ ಎಂದು ಖಾತ್ರಿಯಾಗುವುದು ಅದು ಬಾಯಾರಿಕೆ ತಣಿಸಿದಾಗ.

ರಿಪೇರಿ ಅಂಗಡಿಯಲ್ಲಿ ಇಬ್ಬರಿಗೂ ಕೆಲಸವಿದೆ. ಫೋಟೊದ ಮೂಲೆಯಲ್ಲಿ ಕಪ್ಪು ಚುಕ್ಕೆ. ಅಪರ್ಚರನ್ನು ಎಫ್/16ಕ್ಕೆ ಕಿರಿದುಮಾಡಿ ಬರಿಯ ಆಕಾಶವನ್ನೋ ಬಿಳಿ ಗೋಡೆಯನ್ನೋ ತೆಗೆಯುತ್ತಾರೆ. ದೃಶ್ಯ ಬದಲಾದರೂ, ಲೆನ್ಸ್ ಬದಲಾದರೂ ಚುಕ್ಕೆ ಅದೇ ಜಾಗದಲ್ಲಿದ್ದರೆ ಧೂಳು ಸೆನ್ಸರಿನ ಮೇಲಿದೆ. ಬಾಯಿಂದ ಊದಿದರೆ ಎಂಜಲು ಸಿಡಿಯುತ್ತದೆ, ಅದಕ್ಕೇ ರಬ್ಬರಿನ ಬ್ಲೋವರ್. ಮೋಜೆಂದರೆ, ಅಪರ್ಚರ್ ಅಗಲ ಮಾಡಿದರೆ ಅದೇ ಚುಕ್ಕೆ ಕರಗಿಹೋಗುತ್ತದೆ. ದೋಷ ಅಲ್ಲೇ ಕೂತಿರುತ್ತದೆ, ಕಾಣುವುದಿಲ್ಲ.

ಇನ್ನೊಂದು ತೊಡಕಿದೆ. ಕೊಡಾಕ್‌ನ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಜೋಡಣೆಯನ್ನೇ ಇಂದಿನ ಬಹುತೇಕ ಕ್ಯಾಮೆರಾಗಳು ಅನುಸರಿಸುತ್ತವೆ. ಸೆನ್ಸರಿನ ಒಂದೊಂದು ಬಿಂದುವಿನ ಮೇಲೂ ಒಂದೇ ಬಣ್ಣದ ಸೋಸುಗ: ಅರ್ಧ ಹಸಿರು, ಕಾಲುಭಾಗ ಕೆಂಪು, ಕಾಲುಭಾಗ ನೀಲಿ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದುಗಳನ್ನು ನೋಡಿ ಲೆಕ್ಕ ಹಾಕಿ ತುಂಬಲಾಗುತ್ತದೆ. ಛತ್ರದಲ್ಲಿ ಕೊನೆಗೂ ‘ಸರಿಯಾಗಿ’ ಬಂದ ಆ ಬಿಳಿಯ ಮೂರರಲ್ಲಿ ಎರಡು ಪಾಲು ಹೀಗೆ ಊಹಿಸಿದ್ದು. ಸಾಮಾನ್ಯವಾಗಿ ಊಹೆ ತಪ್ಪುವುದಿಲ್ಲ. ಆದರೆ ಮದುಮಗಳ ಸೀರೆಯಂಚಿನ ಸಣ್ಣ ನೇಯ್ಗೆ ಸೆನ್ಸರಿನ ಚೌಕುಳಿಗೆ ಹೆಣೆದುಕೊಂಡರೆ, ನೇಕಾರ ಹಾಕದ ಕಾಮನಬಿಲ್ಲು ಅಲ್ಲಿ ಮೂಡುತ್ತದೆ. ಲೆನ್ಸ್ ಶುಭ್ರ, ಸೆನ್ಸರ್ ಶುಭ್ರ, ಬೆಳಕೂ ಸರಿ. ಕುಮಾರಿಲನೇ ಬಂದು ಹುಡುಕಿದರೂ ಕರಣದಲ್ಲಿ ಕೆಟ್ಟದ್ದೇನೂ ಸಿಗದು; ಅದು ಮಾಡಿಟ್ಟ ರೀತಿಯೇ ಹಾಗೆ. ಫೋಟೊಗ್ರಾಫರ್ ಎರಡು ಹೆಜ್ಜೆ ಹಿಂದೆ ಸರಿದು ಮತ್ತೊಮ್ಮೆ ಒತ್ತುತ್ತಾನೆ. ಈ ಸಲ ಅಂಚಿನಲ್ಲಿ ಜರಿ ಮಾತ್ರ.